ಬಟನ್ ಡಬ್ಬಿಯಲ್ಲಿಟ್ಟ ಫೋನು

ಓರಗಿತ್ತಿಯ ಕೈ ಹಿಡಿದು ಹೊಲಿಗೆ ಕಲಿಸಿದವಳೇ ದೊಡ್ಡವಳು. ಬೇರೆ ಬೇರೆ ಬೀದಿಗಳಲ್ಲಿ ಮನೆ ಮಾಡಿದ ಮೇಲೂ, ಬೆಳಿಗ್ಗೆ ಮಿಷನ್ನಿನ ಮುಂದೆ ಕೂತ ಕೂಡಲೇ ಇಬ್ಬರೂ ಫೋನ್ ಹಚ್ಚಿ, ಸ್ಪೀಕರ್ ಒತ್ತಿ, ಸದ್ದು ಜೋರಾಗಲೆಂದು ಖಾಲಿ ಬಟನ್ ಡಬ್ಬಿಯೊಳಗೆ ನಿಲ್ಲಿಸಿಬಿಡುತ್ತಿದ್ದರು. ಮಾತಾಡಲೇಬೇಕೆಂದೇನಿಲ್ಲ. ಅಲ್ಲಿಯ ಮಿಷನ್ನು ಇಲ್ಲಿ ಕೇಳಿಸುತ್ತಿತ್ತು, ಇಲ್ಲಿಯದು ಅಲ್ಲಿ. ಒಬ್ಬಳು "ಥೂ, ದಾರ ಕಿತ್ತೋಯ್ತು" ಎಂದರೆ ಇನ್ನೊಬ್ಬಳು ನಗುತ್ತಿದ್ದಳು.

ಈಗ ಡಬ್ಬಿ ಮೂಕವಾಗಿತ್ತು. ಚಿಕ್ಕವಳು ದೊಡ್ಡ ಡೇಟಾ ಪ್ಲಾನ್ ಹಾಕಿಸಿಕೊಂಡು, ಹೊಲಿಗೆ ಕಲಿಸುವ ಯಾರೋ ಹೆಂಗಸಿನ ವಿಡಿಯೊ ಹಚ್ಚಿಕೊಂಡೇ ಕೆಲಸ ಮಾಡುತ್ತಿದ್ದಳು. ಸಿಕ್ಕಾಗಲೆಲ್ಲ ಒಂದೇ ಜಪ: "ಮೇಡಂ ಕಾಲರ್ ಇಡೋದು ನೋಡ್ಬೇಕು ಅಕ್ಕ ನೀವು, ಬೆಣ್ಣೆ ಹಂಗೆ ಕೂರುತ್ತೆ!"

ದೊಡ್ಡವಳ ಹೊಟ್ಟೆಯಲ್ಲಿ ಇಸ್ತ್ರಿಪೆಟ್ಟಿಗೆಯ ಕೆಂಡ. ಏಣಿ ಹತ್ತಿಸಿದವಳು ತಾನು, ಮೇಲೆ ನಿಂತು ಕೈ ಬೀಸುವುದು ಆ ಮೇಡಮ್ಮಿಗೆ! ಮುಖ ಕಾಣದ ಹೆಂಗಸಿನ ಮೇಲೆ ಇಷ್ಟು ಉರಿ ಬರಬಹುದೆಂದು ಅವಳಿಗೇ ಗೊತ್ತಿರಲಿಲ್ಲ. ತನ್ನ ಪ್ಲಾನ್ ಮುಗಿದ ದಿನ ನೆಟ್ಟಗೆ ಫೋನ್ ಅಂಗಡಿಗೆ ನಡೆದಳು.

"ನನ್ನ ಓರಗಿತ್ತಿ ಹಾಕಿಸ್ಕೊಂಡಳಲ್ಲ, ಅದೇ ಕೊಡಿ. ಅದಕ್ಕಿಂತ ದೊಡ್ಡದಿದ್ರೆ ಅದನ್ನೇ ಕೊಡಿ."

ಅಂಗಡಿಯಾಕೆ ಸ್ಟೂಲು ಎಳೆದು ಕೂರಿಸಿದಳು. ಬೆವೆತ ಮುಖ ನೋಡಿ ಫ್ಯಾನನ್ನು ಅವಳ ಕಡೆ ತಿರುಗಿಸಿದಳು. ಆಮೇಲೆ ಫೋನ್ ಇಸಿದುಕೊಂಡು ನೋಡಿ ನಕ್ಕಳು.

"ನೀವು ಡೇಟಾ ಮುಟ್ಟೇ ಇಲ್ವಲ್ಲ. ಬರೀ ಮಾತು, ಅದೂ ಒಂದೇ ನಂಬರಿಗೆ. ಅಷ್ಟು ದೊಡ್ಡದು ಯಾಕಮ್ಮ?"

"ಅವಳಿಗೆ ಬೇಕು, ನನಗೆ ಬೇಡ್ವಾ?"

"ನೀವು ಟೈಲರ್ ಅಲ್ವಾ? ಪಕ್ಕದ ಮನೆಯವರ ಅಳತೆಗೆ ನಿಮ್ಮ ರವಿಕೆ ಹೊಲ್ಕೋತೀರಾ? ಬಟ್ಟೆ ಮಿಕ್ಕಿದ್ರೆ ಚೀಲನಾದ್ರೂ ಆಗುತ್ತೆ. ದಿನದ ಡೇಟಾ ಮಿಕ್ಕಿದ್ರೆ ಗಾಳಿಗೆ."

ದೊಡ್ಡದನ್ನು ಮಾರಿದ್ದರೆ ಆಕೆಗೇ ಲಾಭ. ಅದು ಹೊಳೆದರೂ ದೊಡ್ಡವಳು ಬಿಗಿದ ಮುಖ ಸಡಿಲಿಸಲಿಲ್ಲ. "ನನ್ನ ಓರಗಿತ್ತಿ ವಿಡಿಯೊದಲ್ಲಿ ನೋಡೋ ಆ ಹೊಲಿಗೆ ಮೇಡಮ್ಮನ್ನ ಒಂದ್ಸಲ ತೋರಿಸಿ" ಎಂದಳು. ಅಂಗಡಿಯಾಕೆ ತನ್ನ ಫೋನಿನಲ್ಲೇ ವಿಡಿಯೊ ಹುಡುಕಿ ಹಿಡಿದಳು. ಕಾಲರ್ ನಿಜಕ್ಕೂ ಬೆಣ್ಣೆಯ ಹಾಗೇ ಕೂತಿತು. ಚೆನ್ನಾಗೇ ಹೊಲಿಯುತ್ತಾಳೆ, ಹಾಳಾದವಳು! ತಪ್ಪು ಹುಡುಕಲು ಬಂದವಳಿಗೆ ಒಂದು ಹೊಲಿಗೆಯೂ ಸೊಟ್ಟ ಸಿಗಲಿಲ್ಲ.

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಚಿಕ್ಕವಳು.

"ಅಕ್ಕಾ, ಎಲ್ಲಿದೀರಿ? ಮೇಡಂ ಹೇಳ್ದಂಗೇ ಮಾಡ್ದೆ, ಕಾಲರ್ ಮೂಲೆ ನಾಯಿ ಕಿವಿ ಹಂಗೆ ಎದ್ದು ನಿಂತಿದೆ."

"ನಿಮ್ಮ ಮೇಡಮ್ಮನ್ನೇ ಕೇಳು."

"ಕೇಳಿದ್ರೆ ಅವರಿಗೆ ಕೇಳಿಸುತ್ತಾ? ತಮ್ಮ ಪಾಡಿಗೆ ಮಾತಾಡ್ಕೊಂಡು ಹೋಗ್ತಾರೆ. ಬಯ್ಯೋದಿದ್ರೆ ಆಮೇಲೆ ಬಯ್ಯಿ ಅಕ್ಕ."

ದೊಡ್ಡವಳು ಸ್ಪೀಕರ್ ಒತ್ತಿ ಫೋನನ್ನು ಅಂಗಡಿಯ ಮೇಜಿನ ಮೇಲಿಟ್ಟಳು.

"ಡಬ್ಬಿಯಲ್ಲಿಡು. ಮೂಲೆ ತನಕ ಹೊಲಿ, ಕೇಳ್ತೀನಿ."

ಕಡಕಡ ಸದ್ದು ಅಂಗಡಿಯನ್ನು ತುಂಬಿತು. ಅಂಗಡಿಯಾಕೆ ಫ್ಯಾನ್ ಆರಿಸಿದಳು.

"ನಿಲ್ಸು! ಓಡ್ತಿದ್ದೀಯಲ್ಲೇ. ಮೂಲೆ ಹತ್ರ ಬಂದಾಗ ಸದ್ದು ನಿಧಾನ ಆಗ್ಬೇಕು. ಸೂಜಿ ಬಟ್ಟೆಯೊಳಗಿರ್ಲಿ, ಆಮೇಲೆ ಮಿಷನ್ನಿನ ಪಾದ ಎತ್ತಿ ಬಟ್ಟೆ ತಿರುಗಿಸು."

ಸದ್ದು ನಿಧಾನವಾಯಿತು, ನಿಂತಿತು, ಮತ್ತೆ ಹೊರಟಿತು.

"ಕೂತ್ಕೊಂಡ್ತು ಅಕ್ಕಾ! ನಾಳೆ ಬೆಳಿಗ್ಗೆ ಫೋನ್ ಹಚ್ಚಲಾ? ನೀವಿಲ್ದೆ ಮನೆಯೆಲ್ಲಾ ಭಣಭಣ ಅನ್ನುತ್ತೆ."

"ನನಗೆ ಪುರುಸೊತ್ತಿದ್ರೆ ನೋಡೋಣ" ಎಂದು ಫೋನಿಟ್ಟಳು. ಪುರುಸೊತ್ತಿಲ್ಲದೆ ಏನು?

"ಮಾತಿನ ಪ್ಲಾನೇ ಹಾಕಿ" ಎಂದಳು ಅಂಗಡಿಯಾಕೆಗೆ. ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ಅದ್ರಲ್ಲಿ ಒಂಚೂರಾದ್ರೂ ಡೇಟಾ ಇರುತ್ತಾ?"

"ಇರುತ್ತೆ. ಒಂದೆರಡು ವಿಡಿಯೊಗೆ ಸಾಕು."

"ಒಂದೇ ಸಾಕು. ಆ ಮೇಡಮ್ಮು ತೋಳು ಹೇಗೆ ಇಡ್ತಾಳೋ ನೋಡ್ಬೇಕು. ಅಲ್ಲಾದ್ರೂ ಒಂದು ತಪ್ಪು ಮಾಡ್ದೇ ಇರ್ತಾಳಾ?"