ನಾಪತ್ತೆ ಎಂದಷ್ಟೇ ಬರೆದಿದ್ದಳು

ಬೆಳಗಿನಿಂದ ಸುಮಲತಾಳ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಹಗರಿಬೊಮ್ಮನಹಳ್ಳಿ ಸುತ್ತಲಿನ ಸುದ್ದಿಯನ್ನು ಬೆಂಗಳೂರಿನ ಟೀವಿ ಚಾನೆಲ್ಲೊಂದಕ್ಕೆ ಕಳಿಸುವುದು ಮೂರು ವರ್ಷದಿಂದ ಅವಳ ಕೆಲಸ. ಹಂಪಸಾಗರದ ಹತ್ತಿರ ಹೊಳೆ ಒಮ್ಮೆಲೇ ಏರಿ, ಕುರಿ ಮೇಯಿಸಲು ಹೋಗಿದ್ದ ನಾಗಪ್ಪ ಹಿಂದಿರುಗಿಲ್ಲ ಎಂದು ತಿಳಿದದ್ದೇ ಸ್ಕೂಟಿ ಹತ್ತಿ ಹೊಳೆ ದಂಡೆಗೆ ಬಂದಿದ್ದಳು. 'ಕುರಿಗಾಹಿ ನಾಪತ್ತೆ' ಎಂದು ಬರೆದು, ಎರಡು ವಿಡಿಯೊ ಸೇರಿಸಿ ಕಳಿಸಿದಳು.

ಹತ್ತು ನಿಮಿಷದೊಳಗೆ ಚಾನೆಲ್ಲಿನಲ್ಲಿ 'ಹೊಳೆ ಪಾಲಾದ ಕುರಿಗಾಹಿ ಸಾವು' ಎಂದು ಬಂತು.

ಅವಳು ಗಾಬರಿಯಾಗಿ ಬೆಂಗಳೂರಿಗೆ ಫೋನ್ ಹಚ್ಚಿದಳು. ಸುದ್ದಿ ಡೆಸ್ಕಿನ ಪ್ರವೀಣಕುಮಾರ್, ಬೇರೆಯವರು ಆಗಲೇ ಹಾಕಿದ್ದಾರೆ, ನಾವು ಹಿಂದೆ ಬೀಳೋಕಾಗಲ್ಲ ಎಂದ. ಬೇಕಾದರೆ ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಸುತ್ತೇನೆ ಎಂದ, ಹಾಕಿಸಿದ ಕೂಡ. ಅದನ್ನು ಯಾರು ನೋಡುತ್ತಾರೆ? ಮಧ್ಯಾಹ್ನಕ್ಕೆ ನಾಗಪ್ಪನ ಅಕ್ಕ ಭರಮಮ್ಮ ಟೀವಿ ನೋಡಿ ತೆಲಿಗಿಯಿಂದ ಗಾಡಿ ಮಾಡಿಕೊಂಡು, ಎದೆ ಬಡಿದುಕೊಳ್ಳುತ್ತ ಬಂದಿಳಿದಳು. ಅಲ್ಲಿಯವರೆಗೂ ಅಳದೆ ನೀರನ್ನೇ ನೋಡುತ್ತ ಕೂತಿದ್ದ ಹೆಂಡತಿ ದ್ಯಾಮಕ್ಕ ಎದ್ದು ಸುಮಲತಾಳ ಎದುರು ನಿಂತಳು.

"ನೀನು ಕಣ್ಣಾರೆ ನೋಡೀಯೇನವ್ವಾ?"

"ಇಲ್ಲ ಯಕ್ಕಾ. ಸಿಕ್ಕಿಲ್ಲ ಅಂತ ಅಷ್ಟ ನಾ ಕಳಿಸಿದ್ದು."

"ಮತ್ತ ಟೀವಿಯಾಗ ಸತ್ತಾನ ಅಂತ ಯಾಕ ಬರಾಕತ್ತೈತಿ?"

ಅಷ್ಟರಲ್ಲಿ ಮತ್ತೆ ಫೋನು. ಎರಡು ನಿಮಿಷ ಲೈವ್ ಇದೆ, ಹೆಂಡತಿಯ ಮುಂದೆ ಮೈಕ್ ಹಿಡಿ, ಆಕೆ ಅಳುವುದು ಕಾಣಬೇಕು ಎಂದು ಪ್ರವೀಣಕುಮಾರ್ ಹೇಳಿದ. ಅವಳು ಮೊಬೈಲನ್ನು ಸ್ಟ್ಯಾಂಡಿಗೆ ಸಿಗಿಸಿದಳು. ಕುಟುಂಬದವರ ಸ್ಥಿತಿ ಹೇಗಿದೆ ಎಂದು ಸ್ಟುಡಿಯೊದಿಂದ ಕೇಳಿದರು. ಅವಳು ಮೈಕನ್ನು ದ್ಯಾಮಕ್ಕನ ಕಡೆ ತಿರುಗಿಸಲಿಲ್ಲ.

"ನಾಗಪ್ಪ ತೀರಿಕೊಂಡಿದ್ದಾರೆ ಅಂತ ಇಲ್ಲಿ ಯಾರೂ ಹೇಳಿಲ್ಲ. ಹುಡುಕಾಟ ನಡೆದಿದೆ. ನಮ್ಮ ಚಾನೆಲ್‌ನಲ್ಲಿ ಬರ್ತಿರೋ ಸುದ್ದಿ ತಪ್ಪು."

ಲೈನ್ ಕಟ್ಟಾಯಿತು.

ಆಮೇಲಿನ ಮೂರು ತಾಸು ಅವಳು ಕೂಡಲಿಲ್ಲ. ದಂಡೆಯ ಉದ್ದಕ್ಕೂ ಹೋಗುವುದು, ಬರುವುದು. ಅವನು ನಿಜವಾಗಿಯೂ ಹೋಗಿದ್ದರೆ? ಸುಳ್ಳು ಆಸೆ ಹುಟ್ಟಿಸಿದವಳೂ ತಾನೇ ಆಗುತ್ತೇನಲ್ಲ ಎಂದು ಒಳಗೊಳಗೇ ಬೇಯುತ್ತಿದ್ದಳು.

ನಾಲ್ಕರ ಸುಮಾರಿಗೆ ಅಗ್ನಿಶಾಮಕದವರ ದೋಣಿ ನಡುಗಡ್ಡೆಯಿಂದ ನಾಗಪ್ಪನನ್ನು ಕರೆತಂತು. ತೊಯ್ದ ಕಂಬಳಿಯೊಳಗೆ ಎರಡು ಮರಿಗಳನ್ನು ಅವುಚಿಕೊಂಡಿದ್ದ. ಭರಮಮ್ಮ ಅವನ ಬೆನ್ನಿಗೆ ಗುದ್ದಿ ಗುದ್ದಿ ಅತ್ತಳು. ದ್ಯಾಮಕ್ಕ ಆಗ ನೆಲಕ್ಕೆ ಕುಸಿದಳು. ಅದೆಲ್ಲ ಸುಮಲತಾಳ ಮೊಬೈಲಿನಲ್ಲಿ ದಾಖಲಾಯಿತು. 'ಸಾವು ಗೆದ್ದ ಕುರಿಗಾಹಿ' ಎಂದು ಹಾಕುತ್ತೇವೆ, ಬೇಗ ಕಳಿಸು ಎಂದು ಪ್ರವೀಣಕುಮಾರ್ ಮೂರು ಸಲ ಕೇಳಿದ. ಅವಳು ಕಳಿಸಲಿಲ್ಲ. ಮರುದಿನ ಅವಳನ್ನು ಚಾನೆಲ್ಲಿನ ವಾಟ್ಸಾಪ್ ಗುಂಪಿನಿಂದ ತೆಗೆದರು; ಮೈಕ್ ವಾಪಸ್ ಮಾಡಲು ಹೇಳಿದರು.

ಈಗ ಕೊಟ್ಟೂರು, ಕೂಡ್ಲಿಗಿ ಕಡೆಯ ಮದುವೆಗಳಿಗೆ ವಿಡಿಯೊ ತೆಗೆಯಲು ಹೋಗುತ್ತಾಳೆ. ತಾಳಿ ಕಟ್ಟುವ ಹೊತ್ತಿಗೆ ಯಾರದಾದರೂ ಫೋನು ಬಡಿದುಕೊಂಡರೆ ಇವತ್ತಿಗೂ ಅವಳು ತನ್ನ ಫೋನನ್ನು ಮುಟ್ಟಿ ನೋಡಿಕೊಳ್ಳುತ್ತಾಳೆ.