ಸಿಮೆಂಟ್ ಶೀಟಿನ ಧೂಳು

ನಾಯಂಡಹಳ್ಳಿಯ ಶೀಟಿನ ಅಂಗಡಿಯಲ್ಲಿ ಮನೆಮಂದಿಯೆಲ್ಲ ಬೈರಯ್ಯನ ಮುಖವನ್ನೇ ನೋಡುತ್ತಿದ್ದರು. ನೋಡದೆ ಏನು ಮಾಡಿಯಾರು? ಮೂವತ್ತು ವರ್ಷ ಊರವರ ತಲೆ ಮೇಲೆ ಶೀಟು ಹೊದಿಸಿದ ಮನುಷ್ಯ. ಮೂಡಲಪಾಳ್ಯದ ಎಷ್ಟೋ ಬಾಡಿಗೆ ಮನೆಗಳ ಚಾವಣಿ ಅವನ ಕೈಯದೇ. ಈಗ ಮಗಳು ಲತಾ, ಅಳಿಯ ಮಧುಕುಮಾರ್ ಕೆಂಗೇರಿಯಲ್ಲಿ ಮನೆ ಕಟ್ಟಿಸುತ್ತಿದ್ದರು. ಕೆಳಗಡೆ ಮೋಲ್ಡಿಂಗ್ ಮುಗಿದಿತ್ತು. ಮೇಲೆ ಬೈರಯ್ಯನಿಗೂ ಅವನ ಹೆಂಡತಿ ಲಿಂಗಮ್ಮನಿಗೂ ಒಂದು ರೂಮು. ಅದಕ್ಕೆ ತಗಡೋ, ಸಿಮೆಂಟ್ ಶೀಟೋ ಅನ್ನುವುದಷ್ಟೇ ಬಾಕಿ.

"ತಗಡು ಕಾದ್ರೆ ಒಳಗೆ ಕೂರೋಕಾಗಲ್ಲ ಮಾವ. ಮಳೇಲಿ ಬೇರೆ ಒಂದೇ ಸದ್ದು," ಎಂದ ಮಧುಕುಮಾರ್. "ಸಿಮೆಂಟ್ ಶೀಟೇ ಹಾಕ್ಸಣ. ನಿಮ್ ಕೈಯಲ್ಲೇ ಕಟ್ ಮಾಡ್ಬಿಡಿ."

"ಶಿವಾನಿ ಪಕ್ಕದಲ್ಲೇ ನಿಂತು ನೋಡ್ತಾಳಂತಪ್ಪ," ಎಂದು ಲತಾ ನಕ್ಕಳು. ಶಿವಾನಿ ಅವಳ ಐದು ವರ್ಷದ ಮಗಳು.

ಬೈರಯ್ಯ ಶೀಟಿನ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಹದಿನೈದು ದಿನದ ಹಿಂದೆ ಡಾಕ್ಟರು ಅವನ ಎಕ್ಸ್‌ರೇ ನೋಡಿ, "ಏನ್ ಕೆಲ್ಸ ಮಾಡ್ತಿದ್ರಿ?" ಎಂದು ಕೇಳಿದ್ದರು. ಹೇಳಿದ ಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆ ಶೀಟಿನಲ್ಲಿ ಆಸ್ಬೆಸ್ಟಾಸ್ ನಾರಿರುತ್ತದೆ, ಕೊಯ್ಯುವಾಗ ಏಳುವ ಅದರ ಧೂಳು ಶ್ವಾಸಕೋಶದಲ್ಲಿ ಕೂರುತ್ತದೆ, ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದು ಆಮೇಲೆ ತನ್ನ ಬುದ್ಧಿ ತೋರಿಸುತ್ತದೆ ಎಂದರು. ಬೈರಯ್ಯ ಮನೆಗೆ ಬಂದು ಗ್ಯಾಸ್ಟ್ರಿಕ್ ಅಂದುಬಿಟ್ಟ. ಹೆಂಡತಿ ಹೆದರಬಾರದೆಂದು ತಾನೊಬ್ಬನೇ ಹೆದರಿ ಸಾಯುವ ಪೈಕಿ ಅವನು.

"ತಗಡೇ ಇರ್ಲಿ," ಎಂದ ಈಗ.

"ಊರಿಗೆಲ್ಲ ಸಿಮೆಂಟ್ ಶೀಟ್ ಹಾಕಿ, ನಿಮಗೆ ಮಾತ್ರ ತಗಡಾ?" ಅಳಿಯ ಒಳ್ಳೆಯವನೇ, ಆದರೆ ಹಿಡಿದದ್ದನ್ನು ಬಿಡುವ ಆಸಾಮಿಯಲ್ಲ. "ಬೇಸಿಗೇಲಿ ಅತ್ತೆ ಬೆಂದೋಗ್ತಾರೆ ಮಾವ. ನಿಮಗೆ ಕಷ್ಟ ಆದ್ರೆ ಬೇರೆಯವ್ರನ್ನ ಕರ್ಸಿ, ಮನೆ ಮುಂದೇನೆ ಕೊಯ್ಸ್ತೀನಿ ಬಿಡಿ."

ಮನೆ ಮುಂದೆ ಶಿವಾನಿ ಮರಳಲ್ಲಿ ಆಡುತ್ತಿರುತ್ತಾಳೆ. ಮಗುವಿನ ಕೂದಲ ಮೇಲೆ, ರೆಪ್ಪೆಯ ಮೇಲೆ ಆ ಬಿಳಿ ಪುಡಿ ಕೂತಂತೆ ಬೈರಯ್ಯನಿಗೆ ಕಂಡಿತು. ಹೇಳಿದರೆ ಲಿಂಗಮ್ಮ ಇಲ್ಲೇ ಕುಸಿದಾಳು. ಹೇಳದಿದ್ದರೆ ಇವರು ನಾಳೆಯೇ ಶೀಟು ಇಳಿಸುತ್ತಾರೆ. ಅಷ್ಟರಲ್ಲಿ ಅಂಗಡಿಯವನು ಟೇಪು ಹಿಡಿದು ಬಂದು, "ಎಷ್ಟಡಿದು ತೆಗೀಲಿ ಬೈರಣ್ಣ?" ಎಂದ.

"ಬ್ಯಾಡ!" ಬೈರಯ್ಯ ಕಿರುಚಿದ್ದು ರಸ್ತೆಗೂ ಕೇಳಿಸಿತು. ಆಮೇಲೆ ತಲೆ ತಗ್ಗಿಸಿಕೊಂಡು ಆಸ್ಪತ್ರೆಯದನ್ನೆಲ್ಲ ಹೇಳಿದ. ಲತಾ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಮಧುಕುಮಾರ್ ಅಂಗಡಿಯವನಿಗೆ ಹೋಗೆಂದು ಕೈ ಮಾಡಿದ.

ಲಿಂಗಮ್ಮ ಅಳಲಿಲ್ಲ. ಏನೋ ಲೆಕ್ಕ ಹಾಕುವವಳ ಹಾಗೆ ನಿಂತಿದ್ದಳು.

"ಅಲ್ಲ ಕಣ್ರೀ," ಎಂದಳು ಮೆಲ್ಲಗೆ, "ದಿನಾ ಸಾಯಂಕಾಲ ನಿಮ್ ಶರ್ಟು ಕೊಡವಿ ಒಗೀತಿದ್ದೋಳು ನಾನು. ಮೂಗು ಬಾಯಿಗೆಲ್ಲ ಹೋಗೋದು. ಒಗ್ದೋರಿಗೂ ಬರತ್ತಾ?"

ಹದಿನೈದು ದಿನವೂ ಬೈರಯ್ಯ ಹೆದರಿದ್ದು ತನ್ನ ಎದೆಯೊಂದನ್ನೇ ನೆನೆದು. ಇದು ಅವನಿಗೆ ಹೊಳೆದೇ ಇರಲಿಲ್ಲ. ಅವನು ಹೆಂಡತಿಯ ರಟ್ಟೆ ಹಿಡಿದು ರಸ್ತೆಗೆ ಬಂದ. ಬಂದ ಮೊದಲ ಆಟೋಗೇ ಕೈ ಅಡ್ಡ ಹಾಕಿ, ಆಸ್ಪತ್ರೆಯ ಹೆಸರು ಹೇಳಲು ಬಾಯಿ ತೆರೆದ. ಸ್ವರ ಹೊರಡಲಿಲ್ಲ. ಲಿಂಗಮ್ಮನೇ ಹೇಳಿದಳು.