ಎಂಟಿಲ್ಲದ ಸಂಖ್ಯೆ

ಊಟದ ಡಬ್ಬಿ ಮುಚ್ಚಿದ್ದೇ ತಡ, ಅವಳು ಅಕ್ಕನಿಗೆ ಫೋನ್ ಮಾಡಿ ಬೀಗಿದಳು. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿ ಮೂರು ತಿಂಗಳಾಗುತ್ತಾ ಬಂದಿತ್ತು. ಕೆಲಸ ಕಾಯಂ ಆಗುತ್ತದೋ ಇಲ್ಲವೋ ಎಂಬುದು ಈ ವಾರ ತೀರ್ಮಾನವಾಗಬೇಕಿತ್ತು.

"ಗಣಿತದ ಮೇಷ್ಟ್ರ ಪುಸ್ತಕದಲ್ಲಿ ಭಾರೀ ತಪ್ಪು ಹಿಡಿದೆ ಕಣೇ. 12345679 ಅಂತ ಬರ್ದಿದ್ದಾರೆ. ಏಳಾದ್ಮೇಲೆ ಸೀದಾ ಒಂಬತ್ತು! ಎಂಟನ್ನ ನುಂಗಿ ನೀರು ಕುಡಿದಿದ್ದಾರೆ. ಒಂಬತ್ತು ಸಾಲಲ್ಲೂ ನಾನೇ ಎಂಟು ಸೇರಿಸ್ದೆ."

ಅಕ್ಕ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು.

"ಅದನ್ನ ಎಷ್ಟರಿಂದ ಗುಣಿಸಿದ್ದಾರೆ?"

"ಒಂಬತ್ತು. ಆಮೇಲೆ ಹದಿನೆಂಟು, ಇಪ್ಪತ್ತೇಳು, ಹಾಗೇ ಎಂಬತ್ತೊಂದರವರೆಗೂ."

"ನೀನು ಗುಣಿಸಿ ನೋಡಿದ್ಯಾ, ಮಹಾತಾಯಿ?"

"ಗುಣಿಸೋದು ನನ್ನ ಕೆಲ್ಸಾನಾ?"

"ಈಗ ಗುಣಿಸು. ಎಂಟಿಲ್ದೆ ಒಂದ್ಸಲ, ಎಂಟಿಟ್ಟು ಒಂದ್ಸಲ."

ಹಳೆಯ ಕರಡಿನ ಹಿಂಬದಿಯಲ್ಲಿ ಗುಣಿಸಿದಳು. ಎಂಟಿಲ್ಲದ ಸಂಖ್ಯೆಯನ್ನು ಒಂಬತ್ತರಿಂದ ಗುಣಿಸಿದರೆ 111111111. ಒಂದೂ ತಪ್ಪದೆ ಒಂಬತ್ತು ಒಂದುಗಳು. ಹದಿನೆಂಟರಿಂದ ಗುಣಿಸಿದರೆ ಎಲ್ಲವೂ ಎರಡು, ಇಪ್ಪತ್ತೇಳರಿಂದ ಎಲ್ಲವೂ ಮೂರು. ಅವಳು ಎಂಟು ಸೇರಿಸಿದ್ದ ಸಂಖ್ಯೆಯನ್ನು ಒಂಬತ್ತರಿಂದ ಗುಣಿಸಿದಾಗ ಬಂದದ್ದು 1111111101. ಕೊನೆಯ ಒಂದಕ್ಕೆ ಮೊದಲು ಸೊನ್ನೆಯೊಂದು ಅಡ್ಡ ಕೂತಿತ್ತು.

ಅನುಮಾನ ಬಂದರೆ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆದವರನ್ನು ಕೇಳಬೇಕು, ಹಸ್ತಪ್ರತಿಯನ್ನು ತಾನೇ ತಿದ್ದಬಾರದು. ಅದು ಮೊದಲ ದಿನ ಕಲಿತ ಪಾಠ. ಹೋದ ವಾರ ಪುಟಸಂಖ್ಯೆಯೊಂದು ಕಣ್ತಪ್ಪಿದ್ದಕ್ಕೆ ಮ್ಯಾನೇಜರ್ ಎಲ್ಲರೆದುರು, "ಕಣ್ಣನ್ನ ಮನೇಲಿಟ್ಟು ಬರ್ತೀಯಾ?" ಎಂದಿದ್ದರು. ಈ ಸಲ ಕಣ್ಣಿದೆ ಎಂದು ತೋರಿಸಲು ಹೋಗಿ ಬುದ್ಧಿಯನ್ನು ಮನೆಯಲ್ಲಿ ಬಿಟ್ಟಿದ್ದಳು.

ಅವಳು ತಿದ್ದಿದ ಪುಟ ಆಗಲೇ ಅಚ್ಚಿಗೆ ಹೋಗಿತ್ತು. ಮೆಷಿನ್ ರೂಮಿಗೆ ಓಡಿದಳು.

"ನಿಲ್ಸಿ ಅಣ್ಣಾ, ನಿಲ್ಸಿ!"

ಮೆಷಿನ್ ಓಡಿಸುವವನು ಗುಂಡಿ ಒತ್ತಿ, ಅವಳ ಮಾತು ಪೂರ್ತಿ ಕೇಳಿಸಿಕೊಂಡು, ಕೈಯ ಮಸಿ ಒರೆಸಿಕೊಂಡ. "ಆರುನೂರು ಹಾಳೆ ಆಗೋಗಿದೆ. ಸುಮ್ನಿರಮ್ಮ. ಬಾಯಿ ಬಿಟ್ರೆ ನಿನ್ನ ಕೆಲ್ಸಕ್ಕೇ ಸಂಚಕಾರ. ಇಷ್ಟುದ್ದದ ಲೆಕ್ಕ ಯಾವ ಪುಣ್ಯಾತ್ಮ ಗುಣಿಸ್ತಾನೆ?"

"ಗುಣಿಸೋರಿಗೇ ಅಲ್ವಾ ಅಣ್ಣಾ ಈ ಪುಸ್ತಕ?"

ಮ್ಯಾನೇಜರ್ ಕೋಣೆಯಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಅವರು ಹಾಳೆಯನ್ನೂ ಹಸ್ತಪ್ರತಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಬೈಯಲಿಲ್ಲ, ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಯಾರು ಕಂಡುಹಿಡಿದ್ರು?"

"ಅಕ್ಕ ಗುಣಿಸು ಅಂದ್ಲು ಸರ್. ಗುಣಿಸ್ದೆ."

"ಮೇಷ್ಟ್ರಿಗೆ ನಾನು ಹೇಳ್ತೀನಿ. ನೀನು ಹೊರಗೆ ಕೂತಿರು."

ಬಾಗಿಲ ಪಕ್ಕದ ಕುರ್ಚಿಯಲ್ಲಿ ಒಂದು ಗಂಟೆ ಕೂತಳು. ಒಳಗೆ ಫೋನಿನಲ್ಲಿ ಮಾತು ನಡೆಯುತ್ತಿತ್ತು. ಯಾವ ಪದವೂ ಸ್ಪಷ್ಟವಿಲ್ಲ. ಚೀಲವನ್ನು ಮೇಜಿನಿಂದ ತಂದಿಟ್ಟುಕೊಳ್ಳುವುದೇ ವಾಸಿಯೇನೋ ಎಂದು ಎರಡು ಸಲ ಎದ್ದು ಮತ್ತೆ ಕೂತಳು.

ಕೊನೆಗೆ ಮ್ಯಾನೇಜರ್ ಹೊರಬಂದರು. ಕೈಯಲ್ಲಿ ಅದೇ ಪುಟದ ಹೊಸ ಕರಡು. ಅದನ್ನೂ ಪೆನ್ನನ್ನೂ ಅವಳ ಮಡಿಲಿಗೆ ಹಾಕಿದರು.

"ನೋಡಿ ಸಹಿ ಹಾಕು. ಮೆಷಿನ್ ಕಾಯ್ತಾ ಇದೆ."

ಸಹಿ ಹಾಕುವುದು ಕರಡು ತಿದ್ದುವವರ ಕೆಲಸ. ತಾನಿನ್ನೂ ಆ ಕೆಲಸದಲ್ಲಿದ್ದೇನೆ ಎಂಬುದು ಅರ್ಥವಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಪೆನ್ನು ತೆರೆದು, ಮೊದಲ ಸಾಲಿನಿಂದ ಗುಣಿಸತೊಡಗಿದಳು.

"ಒಂಬತ್ತು ಸಾಲನ್ನೂ ಗುಣಿಸ್ತೀಯಾ?"

"ಹೂಂ ಸರ್. ಕಾಯ್ಲಿ."